ಮೂರು ಬಗೆ ಲೈಟು, ಒಂದೇ ಮನೆ

ಬೆಂಗಳೂರಿನ ಲಿಂಗರಾಜಪುರದ ನಮ್ಮ ಮನೆಗೆ ಕ್ರಿಸ್‌ಮಸ್ ಲೈಟು ಹಾಕುತ್ತಿದ್ದುದು ಅಪ್ಪ. ಅವರು ಹೋದಮೇಲೆ ಏಣಿ ನನ್ನ ಪಾಲಿಗೆ ಬಂತು. ಮೂರು ಡಿಸೆಂಬರ್‌ನಲ್ಲಿ ಮೂರು ಬಗೆ ಹಾಕಿ ನೋಡಿದ್ದೇನೆ: ಎಸ್‌ಪಿ ರೋಡಿನ ಸೀರಿಯಲ್ ಸೆಟ್, ಮೀಟರ್ ಲೆಕ್ಕದ ರೋಪ್ ಲೈಟ್, ಸೋಲಾರ್ ಸರ.

ನೋಡಲು ಸೀರಿಯಲ್ ಸೆಟ್‌ನಷ್ಟು ಚಂದ ಬೇರೆ ಯಾವುದೂ ಇಲ್ಲ, ಅದನ್ನು ಮೊದಲೇ ಒಪ್ಪಿಕೊಳ್ಳುತ್ತೇನೆ. ಅಂಗಡಿಯವರು ಒಂದೊಂದನ್ನೂ ಪ್ಲಗ್‌ಗೆ ಹಾಕಿ ತೋರಿಸಿ, "ಇಲ್ಲಿ ಉರೀತು, ನೋಡ್ಕೊಳ್ಳಿ ಸಾರ್. ಆಮೇಲೆ ಗ್ಯಾರಂಟಿ ಕೇಳ್ಬೇಡಿ" ಅಂದರು. ಆರು ಸೆಟ್ ತಂದು ಬಾಲ್ಕನಿ ಗ್ರಿಲ್‌ಗೆ ಸುತ್ತಿದೆ. ಕಟ್ಟಲು ಕೈಗೆ ಸಿಕ್ಕಿದ್ದು ಮನೆ ಕಟ್ಟಿಸುವಾಗ ಉಳಿದಿದ್ದ ಕಬ್ಬಿಣದ ಬೈಂಡಿಂಗ್ ವೈರ್. ಎಡವಿದ್ದು ಅಲ್ಲೇ. ಒಂದು ರಾತ್ರಿ ತುಂತುರು ಹನಿಯಿತು. ಮುಂಜಾನೆ ಕತ್ತಲಲ್ಲಿ ಬಟ್ಟೆ ಒಣಹಾಕಲು ಹೋದ ಅಮ್ಮ, "ಗ್ರಿಲ್ ಜುಮ್ ಅಂತಿದೆ ಕಣೋ" ಅಂದರು. ಲೈಟು ಆರಿಸಿರಲಿಲ್ಲ. ಟೆಸ್ಟರ್ ಇಟ್ಟೆ, ಹಿಡಿಯೊಳಗಿನ ದೀಪ ಕೆಂಪಗೆ ಹತ್ತಿಕೊಂಡಿತು.

ಅಗ್ಗದ ಈ ಸೆಟ್‌ಗಳಲ್ಲಿ ಟ್ರಾನ್ಸ್‌ಫಾರ್ಮರ್ ಇರುವುದಿಲ್ಲ. ಬಲ್ಬುಗಳು ಸಾಲಾಗಿ ನಿಂತು 230 ವೋಲ್ಟನ್ನು ಹಂಚಿಕೊಳ್ಳುತ್ತವೆ. ಒಂದೊಂದರ ಪಾಲು ಎರಡು-ಮೂರು ವೋಲ್ಟೇ ಇರಬಹುದು, ವೈರು ಮಾತ್ರ ನೇರ ಮೇನ್ಸ್. ಅದರ ತೆಳು ಪ್ಲಾಸ್ಟಿಕ್ಕನ್ನು ನನ್ನ ಬೈಂಡಿಂಗ್ ವೈರ್ ಕೊಯ್ದು ಗ್ರಿಲ್‌ಗೆ ಮುಟ್ಟಿಸಿತ್ತು. ಆ ವಾರವೇ 30 ಮಿಲಿಆಂಪಿನ ಆರ್‌ಸಿಸಿಬಿ ಹಾಕಿಸಿದೆ, ಕರೆಂಟು ಸೋರಿದರೆ ತಾನೇ ಲೈನ್ ಕಟ್ ಮಾಡುವ ಸ್ವಿಚ್ಚು.

ಮರುವರ್ಷ ರೋಪ್ ಲೈಟ್, 20 ಮೀಟರ್. ಬಲ್ಬೆಲ್ಲ ಪ್ಲಾಸ್ಟಿಕ್ ಕೊಳವೆಯೊಳಗೇ ಇರುವುದರಿಂದ ನೀರು ನುಗ್ಗುವ ಜಾಗ ಎರಡೇ: ಪ್ಲಗ್ ಕಡೆಯ ಜಾಯಿಂಟ್, ಇನ್ನೊಂದು ತುದಿಯ ಮುಚ್ಚಳ. ಎರಡಕ್ಕೂ ಸಿಲಿಕೋನ್ ತುಂಬಿದೆ. ಕತ್ತರಿ ಗುರುತು ಇದ್ದಲ್ಲೇ ಕತ್ತರಿಸಬೇಕು. ನಾನು ಕಣ್ಣಳತೆಯಲ್ಲಿ ಕತ್ತರಿಸಿ ಕೊನೆಯ ತುಂಡನ್ನು ಕತ್ತಲು ಮಾಡಿಕೊಂಡೆ.

ನಿಜವಾದ ಪಾಡು ತೂಗುಹಾಕುವುದು. ವಿಡಿಯೋಗಳಲ್ಲಿ ಇಳಿಜಾರು ಸೂರಿನ ಅಂಚಿಗೆ ಕ್ಲಿಪ್ ಸಿಕ್ಕಿಸುತ್ತಾರೆ, ಮುಗಿಯಿತು. ನಮ್ಮ ಕಾಂಕ್ರೀಟ್ ಪ್ಯಾರಾಪೆಟ್‌ನಲ್ಲಿ ಕ್ಲಿಪ್ ಕಚ್ಚಿಕೊಳ್ಳಲು ಅಂಚೇ ಇಲ್ಲ. ಡಬಲ್ ಸೈಡ್ ಟೇಪ್ ಮೂರನೇ ದಿನಕ್ಕೆ ಬಣ್ಣದ ಹಕ್ಕಳೆ ಸಮೇತ ಕಿತ್ತುಬಂತು. ಮೊಳೆ ಹೊಡೆಯಲು ಹೊರಟರೆ ಪಕ್ಕದ ಸೈಟಿನ ಮೇಸ್ತ್ರಿ, "ಹೊಡೀರಿ ಹೊಡೀರಿ, ಮಳೆಗಾಲದಲ್ಲಿ ಸೋರಿದ್ರೆ ನನ್ನೇ ಕರೀತೀರ" ಅಂದರು. ಕೊನೆಗೆ ಗೆದ್ದದ್ದು ಬಟ್ಟೆ ಒಣಹಾಕುವ ನೈಲಾನ್ ಹಗ್ಗ. ಒಂದು ಮೂಲೆಯ ಪೈಪಿನಿಂದ ಇನ್ನೊಂದು ಮೂಲೆಯ ಪೈಪಿಗೆ ಬಿಗಿಯಾಗಿ ಎಳೆದು, ಮೊಳಕ್ಕೊಂದು ಕೇಬಲ್ ಟೈ ಹಾಕಿ ರೋಪನ್ನು ಅದಕ್ಕೆ ಕಟ್ಟಿದೆ. ಜೋಲು ಬೀಳಲಿಲ್ಲ, ಮಳೆಗೂ ಜಗ್ಗಲಿಲ್ಲ.

ಅಂದವೇ ಇಲ್ಲ ಅನ್ನುವುದು ಅದರ ಕೊರತೆ. ಎದುರುಮನೆ ಆಂಟಿ "ಛತ್ರದ ಹಾಗಿದೆ" ಅಂದರು, ಸುಳ್ಳಲ್ಲ. ಮೊಬೈಲಲ್ಲಿ ವಿಡಿಯೋ ತೆಗೆದರೆ ಪಟ್ಟೆ ಪಟ್ಟೆಯಾಗಿ ಅದುರುತ್ತದೆ. ಸೆಕೆಂಡಿಗೆ 100 ಸಲ ಮಿಣುಕುವುದು ನಮ್ಮ ಕಣ್ಣಿಗೆ ಕಾಣದಿದ್ದರೂ ಕ್ಯಾಮೆರಾ ಬಿಡುವುದಿಲ್ಲ. ಕರೆಂಟೂ ಜಾಸ್ತಿ: ನನ್ನದು 100 ವಾಟ್, ಸಂಜೆ ಆರರಿಂದ ಹನ್ನೆರಡರವರೆಗೆ ಉರಿಸಿದರೆ ಡಿಸೆಂಬರಿಗೆ 18 ಯೂನಿಟ್ ಮೇಲೆ. ಗೃಹಜ್ಯೋತಿಯಲ್ಲಿ 200 ಯೂನಿಟ್ ದಾಟಿದರೆ ಪೂರ್ತಿ ಬಿಲ್ ನಮ್ಮ ತಲೆಗೇ. ಅಮ್ಮ ಹತ್ತೂವರೆಗೇ ಸ್ವಿಚ್ ಹತ್ತಿರ ಬಂದು ನಿಲ್ಲುತ್ತಿದ್ದರು.

ಸೋಲಾರ್‌ಗೆ ಶಾಕಿನ ಭಯವಿಲ್ಲ, ಬಿಲ್ಲಿಲ್ಲ, ಬೆಳಕೂ ಹೆಚ್ಚು ಹೊತ್ತಿಲ್ಲ. ಎಂಟಕ್ಕೆಲ್ಲ ತೂಕಡಿಸುತ್ತಿತ್ತು. ಡಿಸೆಂಬರ್‌ನಲ್ಲಿ ಮಧ್ಯಾಹ್ನದ ಬಿಸಿಲೂ ದಕ್ಷಿಣಕ್ಕೆ ವಾಲಿರುತ್ತದೆ ಎಂದು ಹೊಳೆದ ಮೇಲೆ, ಟೆರೇಸಿನಲ್ಲಿ ಪ್ಯಾನೆಲ್ ಕೆಳಗೆ ಇಟ್ಟಿಗೆ ಕೊಟ್ಟು ಆ ಕಡೆ ಓರೆ ಮಾಡಿದೆ. ಒಂಬತ್ತರವರೆಗೆ ಎಳೆಯಿತು. ನಡುರಾತ್ರಿ ಪೂಜೆ ಮುಗಿಸಿ ಬಂದಾಗ ಗೇಟು ಕತ್ತಲೇ. ಮೋಡದ ದಿನ ಹೊತ್ತಿಕೊಂಡರೆ ಪುಣ್ಯ.

ಈ ಸಲ ಪ್ಯಾರಾಪೆಟ್‌ಗೆ ರೋಪ್, ಕಾಂಪೌಂಡಿನ ಬೋಗನ್‌ವಿಲ್ಲಾಗೆ ಸೋಲಾರ್. ಸೀರಿಯಲ್ ಸೆಟ್ ಹಾಲ್‌ನಲ್ಲಿ ಯೇಸು ಹುಟ್ಟಿದ ಕೊಟ್ಟಿಗೆಯ ಹಾಗೆ ಮಾಡಿಟ್ಟ ಗೋದಲಿಗೆ, ಹುಲ್ಲಿಗೆ ತಾಗದಂತೆ ಹಿಂದಿನ ಗೋಡೆಯ ಮೇಲೆ. ಆರರಲ್ಲಿ ನಾಲ್ಕು ಇನ್ನೂ ಉರಿಯುತ್ತಿವೆ.