ಲೈಟ್ ಜೊತೆ ಫ್ಯಾನೂ ಆಫ್ ಆಗುವ ಗ್ರೋ ಟೆಂಟ್ ಕಿಟ್ ನಿಮ್ಮಲ್ಲಿದೆಯಾ? ಹೂ ಬಿಡುವ ಮುಂಚೆ ಇದನ್ನು ಓದಿ

ಮನೆಯೊಳಗೆ ಟೆಂಟ್ ಹಾಕಿ, ಲೈಟಿನ ಕೆಳಗೆ ಸ್ಟ್ರಾಬೆರಿ ಬೆಳೆಸುವವರು ದಯವಿಟ್ಟು ಒಂದು ಕೆಲಸ ಮಾಡಿ. ಇವತ್ತು ಲೈಟ್ ಆರಿದ ಮೇಲೆ ಟೆಂಟಿನ ಹತ್ತಿರ ಹೋಗಿ, ಗಾಳಿಯನ್ನು ಹೊರಗೆ ತಳ್ಳುವ ಎಕ್ಸಾಸ್ಟ್ ಫ್ಯಾನ್ ಓಡುತ್ತಿದೆಯಾ ನೋಡಿ. ನಿಂತಿದ್ದರೆ ಅದರ ಪ್ಲಗ್ ತೆಗೆದು, ಟೈಮರ್ ಇಲ್ಲದ ಬೇರೆ ಸಾಕೆಟ್‌ಗೆ ಹಾಕಿ. ಮಿಕ್ಕಿದ್ದನ್ನು ಆಮೇಲೆ ಓದಿದರೂ ಸರಿ.

ನನ್ನ ಟೆಂಟಿನಲ್ಲಿ ಹೂ, ಹೀಚು ತುಂಬಿಕೊಂಡಿದ್ದ ಗಿಡಗಳು ಬೂದು ಬೂಷ್ಟು ಹಿಡಿದು ಹಾಳಾದವು. ತಿನ್ನುವಂಥ ಹಣ್ಣು ಒಂದೂ ಸಿಗಲಿಲ್ಲ. ಆ ಕಿಟ್‌ನ ವೈರಿಂಗ್ ಹೇಗಿತ್ತೆಂದರೆ, ಬೇರೆ ಯಾರು ಬೆಳೆಸಿದ್ದರೂ ಹೀಗೇ ಆಗುತ್ತಿತ್ತು. ಅದಕ್ಕೇ ಬರೆಯುತ್ತಿದ್ದೇನೆ.

ಕಿಟ್‌ನಲ್ಲಿ ಟೆಂಟ್, ಎಲ್‌ಇಡಿ ಲೈಟ್, ಎಕ್ಸಾಸ್ಟ್ ಫ್ಯಾನ್, ಒಳಗೆ ಸಿಕ್ಕಿಸುವ ಚಿಕ್ಕ ಫ್ಯಾನ್, ತೇವಾಂಶ ತೋರಿಸುವ ಮೀಟರ್, ಒಂದು ಟೈಮರ್ ಇದ್ದವು. ಟೈಮರ್‌ಗೆ ಒಂದೇ ಎಕ್ಸ್‌ಟೆನ್ಷನ್ ಬೋರ್ಡ್. ಲೈಟು, ಎರಡೂ ಫ್ಯಾನು ಎಲ್ಲವನ್ನೂ ಅದೇ ಬೋರ್ಡಿಗೆ ಚುಚ್ಚಿ ಎಂದು ಕೈಪಿಡಿಯಲ್ಲಿ ಚಿತ್ರ ಸಮೇತ ಇತ್ತು. 14 ಗಂಟೆ ಆನ್, 10 ಗಂಟೆ ಆಫ್. ಇದು ಸರಿಯೇ ಎಂದು ಮಾರಿದವರಿಗೆ ಫೋನ್ ಮಾಡಿ ಕೇಳಿದ್ದೆ. "ಕತ್ತಲಲ್ಲಿ ಗಿಡ ಮಲಗಿರುತ್ತೆ, ಆವಾಗ ಫ್ಯಾನ್ ಯಾಕೆ? ಸುಮ್ನೆ ಕರೆಂಟ್ ದಂಡ" ಅಂದರು.

ಈ ಮಾತು ತಪ್ಪು. ಹೂ ಬಿಟ್ಟ ಗಿಡಕ್ಕೆ ಗಾಳಿ ತುಂಬಾ ಬೇಕಾಗುವುದೇ ಲೈಟ್ ಆರಿದ ಮೇಲೆ.

ಮೀಟರ್ ಬೇರೆ ಮೋಸ ಮಾಡಿತು. ಅದು ಆ ಕ್ಷಣದ ಅಂಕಿ ಮಾತ್ರ ತೋರಿಸುತ್ತಿತ್ತು. ನಾವು ನೋಡುವುದು ಯಾವಾಗ? ಲೈಟ್ ಉರಿಯುತ್ತಿರುವಾಗ, ಫ್ಯಾನ್ ಓಡುತ್ತಿರುವಾಗ. ಆಗೆಲ್ಲ ತೇವಾಂಶ 55, 60 ಪರ್ಸೆಂಟ್. ಪುಸ್ತಕದಲ್ಲಿ ಹೇಳುವ ಲೆಕ್ಕಕ್ಕೆ ಸರಿಯಾಗಿ ಕೂರುವ ಅಂಕಿ. ಕತ್ತಲಲ್ಲಿ ಏನಾಗುತ್ತಿದೆ ಎಂದು ಆ ಮೀಟರ್ ಯಾವತ್ತೂ ಹೇಳಲಿಲ್ಲ. ಆಮೇಲೆ, ಗರಿಷ್ಠ, ಕನಿಷ್ಠ ಅಂಕಿ ಎರಡನ್ನೂ ನೆನಪಿಟ್ಟುಕೊಳ್ಳುವ ಬೇರೆ ಮೀಟರ್ ತಂದು ಎಲೆಗಳ ನಡುವೆ ಇಟ್ಟೆ. ಬೆಳಗ್ಗೆ ಅದರ 'ಮ್ಯಾಕ್ಸ್' ಗುಂಡಿ ಒತ್ತಿದಾಗ ಬಂದಿದ್ದು 94.

ಯಾಕೆ ಹೀಗೆ ಏರುತ್ತದೆ ಎಂದು ಒಂದು ಸಲ ಅರ್ಥವಾದರೆ ಸಾಕು, ಮುಂದಿನ ಎಲ್ಲವೂ ತಾನಾಗೇ ಹೊಳೆಯುತ್ತದೆ. ಬೆಚ್ಚಗಿನ ಗಾಳಿ ಜಾಸ್ತಿ ನೀರಾವಿ ಹಿಡಿದುಕೊಳ್ಳುತ್ತದೆ, ತಣ್ಣಗಿನ ಗಾಳಿ ಕಡಿಮೆ. 25 ಡಿಗ್ರಿಯಲ್ಲಿ ಒಂದು ಘನ ಮೀಟರ್ ಗಾಳಿ ಸುಮಾರು 23 ಗ್ರಾಂ ನೀರಾವಿ ಹಿಡಿಯುತ್ತದೆ. 18 ಡಿಗ್ರಿಯಲ್ಲಿ ಅದಕ್ಕೆ ಹಿಡಿಯಲು ಆಗುವುದು 15 ಗ್ರಾಂ ಚಿಲ್ಲರೆ ಅಷ್ಟೇ. ಲೈಟ್ ಇದ್ದಾಗ 25 ಡಿಗ್ರಿ, 60 ಪರ್ಸೆಂಟ್ ಅಂದರೆ ಗಾಳಿಯಲ್ಲಿ 14 ಗ್ರಾಂ ಹತ್ತಿರ ನೀರಿದೆ ಎಂದಾಯಿತು. ಲೈಟ್ ಆರುತ್ತದೆ, ಟೆಂಟ್ 18ಕ್ಕೆ ಇಳಿಯುತ್ತದೆ. ಗಾಳಿಯಲ್ಲಿ ಒಂದು ಹನಿಯೂ ಹೊಸದಾಗಿ ಸೇರದಿದ್ದರೂ ಅದೇ ನೀರು ಈಗ 90 ಪರ್ಸೆಂಟ್ ಆಗುತ್ತದೆ. ಆದರೆ ಹೊಸ ನೀರು ಸೇರುತ್ತಲೇ ಇರುತ್ತದೆ. ಒದ್ದೆ ಮಣ್ಣಿನಿಂದ, ತಟ್ಟೆಯಲ್ಲಿ ನಿಂತ ನೀರಿನಿಂದ, ಎಲೆಗಳಿಂದ. ಗಿಡ ಬೇರಿನಿಂದ ಹೀರಿದ ನೀರಿನಲ್ಲಿ ಬಹುಪಾಲು ಕೊನೆಗೆ ಗಾಳಿಗೇ ಹೋಗುವುದು. ಅಂದರೆ ನಾವು ಕುಂಡಕ್ಕೆ ಸುರಿದದ್ದೆಲ್ಲ ಹೆಚ್ಚು ಕಡಿಮೆ ಟೆಂಟಿನ ಗಾಳಿಗೇ ಸುರಿದ ಹಾಗೆ. ಅದನ್ನು ಹೊರಗೆ ಹಾಕುವ ಫ್ಯಾನ್ ನಿಂತಿದ್ದರೆ ಆ ನೀರು ಎಲ್ಲಿಗೆ ಹೋಗಬೇಕು ಹೇಳಿ?

ಬೂದು ಬೂಷ್ಟು ಅಂದರೆ ಬೊಟ್ರೈಟಿಸ್ ಸಿನೆರಿಯಾ ಎಂಬ ಶಿಲೀಂಧ್ರ. ಗುಲಾಬಿ, ದ್ರಾಕ್ಷಿ, ಟೊಮ್ಯಾಟೊ, ಬಿಗೋನಿಯಾ ಸೇರಿ 200ಕ್ಕೂ ಹೆಚ್ಚು ಜಾತಿಯ ಗಿಡಗಳಿಗೆ ಅದು ಹತ್ತುತ್ತದೆ. ಹೆಚ್ಚು ಬಿಸಿಯೂ ಅಲ್ಲದ, ಹೆಚ್ಚು ಚಳಿಯೂ ಅಲ್ಲದ, ಒದ್ದೆಯಾದ, ಗಾಳಿ ಆಡದ ಜಾಗ ಅದಕ್ಕೆ ಇಷ್ಟ. 15ರಿಂದ 25 ಡಿಗ್ರಿ ಅದಕ್ಕೆ ಚೆನ್ನಾಗಿ ಒಗ್ಗುತ್ತದೆ. ನಾವು ಗಿಡಕ್ಕೆಂದು ಕಾಪಾಡುವ ಉಷ್ಣತೆಯೂ ಅಷ್ಟೇ ಅಲ್ವಾ? ಹಾಗಾಗಿ ಉಷ್ಣತೆ ಬದಲಿಸಿ ಅದನ್ನು ಓಡಿಸಲು ಆಗುವುದಿಲ್ಲ. ಅದರ ಬೀಜಕಣಗಳು ಗಾಳಿಯಲ್ಲಿ ಎಲ್ಲಾ ಕಡೆ ಇರುತ್ತವೆ, ಅವನ್ನೂ ತಡೆಯಲಾಗುವುದಿಲ್ಲ. ನಮ್ಮ ಕೈಯಲ್ಲಿರುವುದು ತೇವ ಒಂದೇ.

ಸ್ಟ್ರಾಬೆರಿಯಲ್ಲಿ ಇದು ಹೂವಿನ ಮೂಲಕವೇ ಒಳಗೆ ಹೋಗುತ್ತದೆ. ಬಾಡುತ್ತಿರುವ ಎಸಳು, ಒಣಗಿದ ಕೇಸರ, ಇಂಥ ಸಾಯುತ್ತಿರುವ ಭಾಗದ ಮೇಲೆ ಮೊದಲು ಕೂರುತ್ತದೆ. ಅಲ್ಲಿಂದ ಹೀಚಿನ ಬುಡಕ್ಕೆ ಇಳಿದು ಅಡಗಿ ಕೂರುತ್ತದೆ. ಹೀಚು ಹಸಿರಾಗಿ, ಚೆನ್ನಾಗಿಯೇ ಕಾಣುತ್ತದೆ. ಹಣ್ಣು ಮೆತ್ತಗಾಗಿ ಸಿಹಿ ತುಂಬುವ ಹೊತ್ತಿಗೆ ಒಮ್ಮೆಲೇ ಎದ್ದು ಬರುತ್ತದೆ. ಹೂ ಅರಳಿದಾಗಿನಿಂದ ಹಣ್ಣಾಗಲು ಸುಮಾರು ಒಂದು ತಿಂಗಳು ಬೇಕು. ಅಂದರೆ ಇವತ್ತು ಕಣ್ಣಿಗೆ ಬಿದ್ದ ಬೂಷ್ಟು ಇವತ್ತಿನದಲ್ಲ, ಹೂವಿದ್ದಾಗಲೇ ಹತ್ತಿದ್ದು. ಹಣ್ಣಿನ ಮೇಲೆ ಕಂಡ ಮೇಲೆ ಎಚ್ಚೆತ್ತುಕೊಳ್ಳೋಣ ಎಂದು ಕಾದರೆ ಆ ಸುತ್ತಿನ ಬೆಳೆ ಹೋಯಿತು ಎಂದೇ ತಿಳಿಯಿರಿ.

ನನ್ನ ಗಿಡಗಳಲ್ಲಿ ಮೊದಲು ಕಂಡ ಗುರುತು ಎಲೆಯ ಅಂಚಿನಲ್ಲಿತ್ತು. ಬೆಳಗ್ಗೆ ಟೆಂಟ್ ಜಿಪ್ ತೆಗೆದರೆ ಪ್ರತಿ ಎಲೆಯ ಹಲ್ಲಿನ ತುದಿಯಲ್ಲೂ ಒಂದೊಂದು ನೀರಿನ ಹನಿ. ನೋಡಲು ಬಹಳ ಚೆಂದ. ಮಾರಿದವರಿಗೆ ಫೋಟೋ ಕಳಿಸಿದೆ. ಬೇರು ಗಟ್ಟಿಯಾಗಿದೆ, ಗಿಡ ಆರೋಗ್ಯವಾಗಿದೆ ಎಂದು ಉತ್ತರ ಬಂತು. ಅದು ಅರ್ಧ ನಿಜ. ಬೇರು ನೀರನ್ನು ಮೇಲಕ್ಕೆ ಒತ್ತುತ್ತಿದೆ ಎಂಬುದು ಸರಿ. ಆದರೆ ಆ ನೀರು ಆವಿಯಾಗದೆ ಹನಿಯಾಗಿ ನಿಂತಿದೆ ಎಂದರೆ ಸುತ್ತಲ ಗಾಳಿ ನೀರಿನಿಂದ ತುಂಬಿ ಹೋಗಿದೆ ಎಂದು ಅರ್ಥ. ಸ್ಟ್ರಾಬೆರಿಯಲ್ಲಿ ಈ ಹನಿ ಸುಲಭವಾಗಿ ಕಾಣುತ್ತದೆ. ಮುಚ್ಚಿದ ಟೆಂಟಿನಲ್ಲಿ ದಿನಾ ಬೆಳಗ್ಗೆ ಇದು ಕಂಡರೆ ಸಂತೋಷಪಡಬೇಡಿ.

ಆಮೇಲೆ ಎಸಳುಗಳು ಉದುರಲಿಲ್ಲ. ಸಾಮಾನ್ಯವಾಗಿ ಎಸಳು ಒಣಗಿ ತಾನೇ ಬೀಳುತ್ತದೆ. ಇಲ್ಲಿ ಕಂದು ಬಣ್ಣಕ್ಕೆ ತಿರುಗಿ, ಒದ್ದೆ ಕಾಗದದಂತೆ ಹೀಚಿಗೆ ಅಂಟಿಕೊಂಡವು. ಕೆಲವು ಹೂವಿನ ತೊಟ್ಟು ಕಂದಾಗಿ ಹೂವು ತಲೆ ಬಾಗಿಸಿ ಒಣಗಿತು. ಹೀಚಿನ ತಲೆಯ ಹಸಿರು ಎಲೆಗಳ ಕೆಳಗೆ ಕಂದು ಮಚ್ಚೆ ಬಂತು. ಮತ್ತೆ ಕೇಳಿದೆ. ಪರಾಗ ಸರಿಯಾಗಿ ಸೇರಿಲ್ಲ, ಗಾಳಿ ಒಣಗಿರಬೇಕು, ಹೂವಿನ ಮೇಲೆ ದಿನಾ ಎರಡು ಸಲ ನೀರು ಸಿಂಪಡಿಸಿ ಅಂದರು. ಗಿಡ ಕಾಯಿಲೆ ಬಿದ್ದಾಗ ಕೊಡಬಾರದ ಸಲಹೆ ಒಂದಿದ್ದರೆ ಅದು ಇದೇ. ಒದ್ದೆ ಗಾಳಿಯಲ್ಲಿ ಪರಾಗ ಅಂಟಂಟಾಗಿ ಉದುರುವುದೇ ಇಲ್ಲ. ಅದರ ಮೇಲೆ ಬೊಟ್ರೈಟಿಸ್‌ಗೆ ಮೊಳೆಯಲು ಬೇಕಾದ ನೀರನ್ನು ಹೂವಿನೊಳಗೇ ಇಟ್ಟ ಹಾಗಾಯಿತು. ಸಿಂಪಡಿಸಲು ಶುರು ಮಾಡಿದ ಮೇಲೆ ಕಾಯಿಲೆಯ ಓಟ ಕಣ್ಣಿಗೆ ಕಾಣುವಷ್ಟು ಜೋರಾಯಿತು. ಕೊನೆಗೆ ಹಣ್ಣುಗಳ ಮೇಲೆ ಬೂದು ಬಣ್ಣದ ತುಪ್ಪಟ. ಮುಟ್ಟಿದರೆ ಹೊಗೆಯಂತೆ ಪುಡಿ ಹಾರುತ್ತಿತ್ತು. ಆ ಪುಡಿಯೇ ಬೀಜಕಣ. ಒಂದು ಹಣ್ಣು ಅಲ್ಲಾಡಿದರೆ ಟೆಂಟ್ ಪೂರ್ತಿ ಹರಡುತ್ತದೆ.

ಮೂರನೆಯ ಸಲಹೆಯೂ ಬಂತು, ಶಿಲೀಂಧ್ರನಾಶಕ ಹೊಡೆಯಿರಿ ಎಂದು. ಅದನ್ನು ನಾನು ಮಾಡಲಿಲ್ಲ. ನಾವು ಉಸಿರಾಡುವ ಮನೆ ಅದು, ನಾವೇ ತಿನ್ನುವ ಹಣ್ಣು. ಮನೆಯೊಳಗೆ, ತಿನ್ನುವ ಬೆಳೆಗೆ ಬಳಸಬಹುದು ಎಂದು ಡಬ್ಬಿಯ ಮೇಲೆ ಸ್ಪಷ್ಟವಾಗಿ ಬರೆಯದ ಯಾವುದನ್ನೂ ಹೊಡೆಯಬಾರದು. ಅದೂ ಅಲ್ಲದೆ ಬೊಟ್ರೈಟಿಸ್ ಔಷಧಿಗಳಿಗೆ ಬೇಗ ಒಗ್ಗಿಕೊಳ್ಳುತ್ತದೆ. ತೇವ ಹಾಗೇ ಇದ್ದರೆ ಔಷಧಿ ಹೊಡೆದೂ ಉಪಯೋಗವಿಲ್ಲ.

ಈಗ ಹೇಗೆ ನಡೆಸುತ್ತಿದ್ದೇನೆ ಎಂದರೆ, ಲೈಟ್ ಮಾತ್ರ ಟೈಮರ್‌ನಲ್ಲಿದೆ. ಎಕ್ಸಾಸ್ಟ್ ಫ್ಯಾನ್ 24 ಗಂಟೆಯೂ ಓಡುತ್ತದೆ, ಕತ್ತಲಲ್ಲಿ ಸ್ವಲ್ಪ ನಿಧಾನ, ಅಷ್ಟೇ. ಒಳಗಿನ ಚಿಕ್ಕ ಫ್ಯಾನೂ ನಿಲ್ಲುವುದಿಲ್ಲ. ಅದನ್ನು ಹೂವಿನ ಮುಖಕ್ಕೆ ನೇರ ತಿರುಗಿಸಿಲ್ಲ. ಎಲೆಗಳು ಸಣ್ಣಗೆ ಅಲುಗಾಡುವಷ್ಟು ಗಾಳಿ ಗಿಡಗಳ ನಡುವೆ ಹಾದು ಹೋದರೆ ಸಾಕು.

ತುಂಬಾ ಸಹಾಯ ಮಾಡಿದ ಇನ್ನೊಂದು ಬದಲಾವಣೆ ಗಡಿಯಾರದ್ದು. ಹೊರಗೆ ಚಳಿ ಇರುವ ರಾತ್ರಿ ಹೊತ್ತಿನಲ್ಲಿ ಲೈಟ್ ಉರಿಯುವಂತೆ, ಹಗಲಿನ ಬೆಚ್ಚಗಿನ ಹೊತ್ತಿನಲ್ಲಿ ಗಿಡಕ್ಕೆ ಕತ್ತಲಾಗುವಂತೆ ಟೈಮರ್ ತಿರುಗಿಸಿದೆ. ರಾತ್ರಿ ಲೈಟಿನ ಬಿಸಿ ಟೆಂಟನ್ನು ಕಾಯುತ್ತದೆ. ಹಗಲು ಲೈಟ್ ಇಲ್ಲದಿದ್ದರೂ ಕೋಣೆ ಅಷ್ಟು ತಣ್ಣಗಾಗುವುದಿಲ್ಲ. ಉಷ್ಣತೆ ಹೆಚ್ಚು ಇಳಿಯದಿದ್ದರೆ ತೇವಾಂಶವೂ ಹೆಚ್ಚು ಏರುವುದಿಲ್ಲ. ಇದಕ್ಕೆ ಖರ್ಚೇ ಇಲ್ಲ. ಬದಲಾಯಿಸುವಾಗ ಒಂದೇ ಸಲಕ್ಕೆ ತಿರುಗಿಸಬೇಡಿ, ದಿನಕ್ಕೆ ಒಂದೆರಡು ಗಂಟೆ ಸರಿಸುತ್ತಾ ಹೋಗಿ.

ನೀರು ಹಾಕುವುದು ಲೈಟ್ ಹತ್ತಿದ ಕೂಡಲೇ. ಆರುವ ಹೊತ್ತಿಗೆ ಮಣ್ಣಿನ ಮೇಲ್ಭಾಗ ಒಣಗಿರಬೇಕು. ತಟ್ಟೆಯಲ್ಲಿ ಇಳಿದ ನೀರನ್ನು ಆಗಲೇ ಚೆಲ್ಲಿಬಿಡುತ್ತೇನೆ. ಎಲೆ, ಹೂವಿನ ಮೇಲೆ ನೀರು ಬೀಳಲು ಬಿಡುವುದಿಲ್ಲ. ಪರಾಗಕ್ಕೆ ಒಣಗಿದ ಮೆತ್ತನೆಯ ಬ್ರಷ್ ಸಾಕು. ಮಧ್ಯಾಹ್ನದ ಹೊತ್ತಿಗೆ, ಗಾಳಿ ಒಣಗಿರುವಾಗ, ಪ್ರತಿ ಹೂವಿನ ಮೇಲೆ ವೃತ್ತಾಕಾರದಲ್ಲಿ ಆಡಿಸಿದರೆ ಆಯಿತು. ಲೈಟ್ ಸಮಯ ತಿರುಗಿಸಿದವರು ತಮ್ಮ ಗಿಡದ ಮಧ್ಯಾಹ್ನ ಯಾವಾಗ ಎಂದು ಲೆಕ್ಕ ಹಾಕಿಕೊಳ್ಳಿ.

ಹಳೆಯ ಎಲೆ, ಮಣ್ಣಿಗೆ ತಾಗುವ ಎಲೆ, ಬೇಡದ ಬಳ್ಳಿ, ಹೀಚಿಗೆ ಅಂಟಿದ ಎಸಳು ಇವನ್ನೆಲ್ಲ ತೆಗೆದು ಹೊರಗೆ ಹಾಕಿ. ಉದುರಿದ ಎಸಳನ್ನು ಮಣ್ಣಿನ ಮೇಲೆ ಬಿಡಬೇಡಿ, ಬೊಟ್ರೈಟಿಸ್ ಶುರುವಾಗುವುದೇ ಅಲ್ಲಿಂದ. ಕುಂಡಗಳ ನಡುವೆ ಎಲೆಗೆ ಎಲೆ ತಾಗದಷ್ಟು ಜಾಗ ಬಿಡಿ. ಸಾರಜನಕ ಜಾಸ್ತಿ ಇರುವ ಗೊಬ್ಬರ ಸುರಿದರೆ ಎಲೆ ದಟ್ಟವಾಗಿ, ಮೆತ್ತಗೆ ಬೆಳೆದು ಬೂಷ್ಟಿಗೆ ಇನ್ನೂ ಸುಲಭದ ತುತ್ತಾಗುತ್ತದೆ. ಹೂ ಶುರುವಾದ ಮೇಲೆ ಅದನ್ನು ಹಿಡಿತದಲ್ಲಿಡಿ.

ಒಂದು ವಿಷಯವನ್ನು ಬಹಳ ಜನ ಮರೆಯುತ್ತಾರೆ. ಎಕ್ಸಾಸ್ಟ್ ಫ್ಯಾನ್ ತೇವವನ್ನು ಮಾಯ ಮಾಡುವುದಿಲ್ಲ, ಜಾಗ ಬದಲಿಸುತ್ತದೆ. ಟೆಂಟಿನ ಗಾಳಿಯನ್ನು ಬಾಗಿಲು ಮುಚ್ಚಿದ ಅದೇ ಕೋಣೆಗೆ ಬಿಟ್ಟರೆ ಅದೇ ಗಾಳಿ ಸುತ್ತಿ ವಾಪಸ್ ಟೆಂಟಿಗೇ ಬರುತ್ತದೆ. ಕೋಣೆಯ ಗೋಡೆಗೂ ಬೂಷ್ಟು ಬರುತ್ತದೆ. ಪೈಪನ್ನು ಕಿಟಕಿಯಿಂದ ಹೊರಗೆ ಹಾಕಬೇಕು. ಮಳೆಗಾಲದಲ್ಲಿ ಹೊರಗಿನ ಗಾಳಿಯೇ 85, 90 ಇದ್ದರೆ ಫ್ಯಾನ್ ಎಷ್ಟು ಓಡಿಸಿದರೂ ಪ್ರಯೋಜನ ಕಡಿಮೆ. ಆಗ ಗಾಳಿಯ ತೇವ ಹೀರುವ ಯಂತ್ರ, ಡಿಹ್ಯೂಮಿಡಿಫೈಯರ್, ಬೇಕೇ ಬೇಕು. ಅದು ಬಿಸಿ ಕಕ್ಕುತ್ತದೆ, ಹಾಗಾಗಿ ಟೆಂಟಿನೊಳಗೆ ತುರುಕುವುದಕ್ಕಿಂತ, ಟೆಂಟ್ ಗಾಳಿ ಎಳೆದುಕೊಳ್ಳುವ ಕೋಣೆಯಲ್ಲಿ ಇಡುವುದು ಒಳ್ಳೆಯದು.

ಬೂಷ್ಟು ಈಗಾಗಲೇ ಬಂದಿದ್ದರೆ ಮೊದಲು ಮಾಸ್ಕ್ ಹಾಕಿಕೊಳ್ಳಿ. ಅಸ್ತಮಾ, ಅಲರ್ಜಿ ಇರುವವರು ಈ ಕೆಲಸ ಬೇರೆಯವರಿಗೆ ಬಿಡಿ. ಫ್ಯಾನ್‌ಗಳನ್ನು ಸ್ವಲ್ಪ ಹೊತ್ತು ನಿಲ್ಲಿಸಿ, ಇಲ್ಲದಿದ್ದರೆ ಪುಡಿ ಹಾರುತ್ತದೆ. ಕೆಟ್ಟ ಹಣ್ಣು, ಹೂವಿನ ಮೇಲೆ ನಿಧಾನವಾಗಿ ಪ್ಲಾಸ್ಟಿಕ್ ಚೀಲ ಇಳಿಸಿ, ಚೀಲದೊಳಗೇ ಕತ್ತರಿಸಿ, ಬಾಯಿ ಕಟ್ಟಿ ಹೊರಗೆ ಹಾಕಿ. ಕಾಂಪೋಸ್ಟ್‌ಗೆ ಹಾಕಬೇಡಿ. ಗಿಡದಿಂದ ಗಿಡಕ್ಕೆ ಹೋಗುವಾಗ ಕತ್ತರಿಯನ್ನು ಆಲ್ಕೋಹಾಲ್‌ನಲ್ಲಿ ಒರೆಸಿ. ಕೆಲಸ ಮುಗಿದ ಕೂಡಲೇ ಫ್ಯಾನ್‌ಗಳನ್ನು ಮತ್ತೆ ಹಾಕಿ. ಒಂದು ಮೂಲೆಯಲ್ಲಿ ಮಾತ್ರ ಬೂಷ್ಟು ಇರುವ ಹಣ್ಣನ್ನು ಕೊಯ್ದು ಉಳಿದದ್ದನ್ನು ತಿನ್ನುವುದೂ ಬೇಡ. ಮೆತ್ತನೆಯ ಹಣ್ಣಿನೊಳಗೆ ಅದರ ಎಳೆಗಳು ಕಣ್ಣಿಗೆ ಕಾಣದಷ್ಟು ದೂರ ಹೋಗಿರುತ್ತವೆ.

ಮೀಟರ್ ಎಲ್ಲಿ ಇಡುತ್ತೀರಿ ಎಂಬುದೂ ಮುಖ್ಯ. ಟೆಂಟಿನ ಗೋಡೆಗೆ ನೇತುಹಾಕಿದ ಮೀಟರ್ ಅಲ್ಲಿನ ಗಾಳಿಯನ್ನಷ್ಟೇ ಹೇಳುತ್ತದೆ. ಎಲೆಗಳ ದಟ್ಟಣೆಯೊಳಗೆ, ಹೂವಿನ ಮಟ್ಟದಲ್ಲಿ ಇಡಿ. ಅದು ಸರಿ ಹೇಳುತ್ತಿದೆಯಾ ಎಂದು ನೋಡಲು ಉಪ್ಪು ಸಾಕು. ಒಂದು ಮುಚ್ಚಳದಲ್ಲಿ ಅಡುಗೆ ಉಪ್ಪು ಹಾಕಿ, ಕರಗದೆ ಒದ್ದೆ ಮರಳಿನಂತೆ ಆಗುವಷ್ಟೇ ನೀರು ಸೇರಿಸಿ. ಅದನ್ನೂ ಮೀಟರನ್ನೂ ಗಾಳಿಯಾಡದ ಡಬ್ಬಿಯಲ್ಲಿ ಒಂದು ರಾತ್ರಿ ಮುಚ್ಚಿಡಿ. ಒಳಗೆ 75 ಪರ್ಸೆಂಟ್ ಇರುತ್ತದೆ. ಮೀಟರ್ 68 ತೋರಿಸಿದರೆ ಅದು 7 ಕಡಿಮೆ ಹೇಳುತ್ತಿದೆ ಎಂದಾಯಿತು. ನನ್ನ ಕಿಟ್‌ನ ಮೀಟರ್ ಈ ಪರೀಕ್ಷೆಯಲ್ಲೂ ಕಡಿಮೆಯೇ ತೋರಿಸಿತು.

ಹೊಸದಾಗಿ ಕಿಟ್ ಕೊಳ್ಳುವವರು ಮಾರುವವರನ್ನು ಎರಡು ವಿಷಯ ಕೇಳಿ. ಫ್ಯಾನ್‌ಗೆ ಲೈಟಿನ ಟೈಮರ್ ಬಿಟ್ಟು ಬೇರೆ ಸಾಕೆಟ್ ಇದೆಯಾ? ಮೀಟರ್ ಕಳೆದ 24 ಗಂಟೆಯ ಗರಿಷ್ಠ ತೇವಾಂಶವನ್ನು ನೆನಪಿಡುತ್ತದೆಯಾ? ಎರಡಕ್ಕೂ ಹೌದು ಅನ್ನದಿದ್ದರೆ ಆ ಕಿಟ್ ಬೇಡ, ಬಿಡಿಬಿಡಿಯಾಗಿ ಕೊಳ್ಳಿ. ಈಗಾಗಲೇ ಕೊಂಡಿದ್ದು, ಹೂ ಇನ್ನೂ ಮೊಗ್ಗಿನಲ್ಲಿದ್ದರೆ ನಿಮಗೆ ಸಮಯವಿದೆ. ಕತ್ತಲ ಹೊತ್ತಿನ ಅಂಕಿ 70ರ ಕೆಳಗೆ ನಿಲ್ಲುವವರೆಗೂ ಫ್ಯಾನ್ ವೇಗ, ನೀರಿನ ಸಮಯ ಬದಲಿಸುತ್ತಾ ನೋಡಿ. 85 ದಾಟಿದ ರಾತ್ರಿಯ ಮರುದಿನ ಪ್ರತಿ ಹೂವನ್ನೂ ಕೈಯಲ್ಲಿ ತಿರುಗಿಸಿ, ಎಸಳಿನ ಬುಡ ಕಂದಾಗಿದೆಯಾ ಎಂದು ನೋಡಿ.