ಕೆಂಪು ಬೆಂಕಿ ಇರುವೆಗೆ ಯಾವ ಹೊಗೆ: ಮೀಥೈಲ್ ಬ್ರೋಮೈಡಾ, ವಸಾಬಿಯಾ?

2017ರ ಜೂನ್‌ನಲ್ಲಿ ಜಪಾನಿನ ಹ್ಯೊಗೊ ಪ್ರಾಂತ್ಯದಲ್ಲಿ, ಚೀನಾದಿಂದ ಬಂದ ಕಂಟೇನರ್‌ನಲ್ಲಿ ಕೆಂಪು ಬೆಂಕಿ ಇರುವೆ, ಅಂದರೆ ಕುಟುಕಿದರೆ ಬೆಂಕಿಯಂತೆ ಉರಿಯುವ ಹೊರನಾಡಿನ ಇರುವೆ, ಇರುವುದು ಖಚಿತವಾಯಿತು. ಆ ದೇಶದಲ್ಲಿ ಅದೇ ಮೊದಲು. ಅಲ್ಲಿನ ಸಂಶೋಧಕರು ವಸಾಬಿಯ (ಜಪಾನೀಯರು ಅರೆದು ತಿನ್ನುವ ಖಾರದ ಗಿಡ) ಘಾಟನ್ನೇ ಇದಕ್ಕೆ ಮದ್ದಾಗಿ ಪರೀಕ್ಷಿಸಿದರು.

ಆ ಘಾಟು ನಮಗೆ ಹೊಸದಲ್ಲ. ಸೌತೆಕಾಯಿ ಸಾಸಿವೆಗೆ ಹಸಿ ಸಾಸಿವೆ ಅರೆಯುವಾಗ ಮೂಗಿಗೆ ಚುರ್ ಅಂತ ಏರುತ್ತಲ್ವಾ, ಅದೇ ಅಲೈಲ್ ಐಸೋಥಯೋಸೈನೇಟ್. ಇಡೀ ಕಾಳಿನಲ್ಲಿ ಅದು ಇರುವುದಿಲ್ಲ. ಕಾಳು ಒಡೆದು ನೀರು ತಾಗಿದಾಗಲೇ ಹುಟ್ಟುತ್ತದೆ.

ಸರಕಿನೊಳಗಿನ ಕೀಟ ಕೊಲ್ಲಲು ಹೊಗೆಯಂತೆ ಬಿಡುವ ವಿಷಾನಿಲ ಮೀಥೈಲ್ ಬ್ರೋಮೈಡ್. ಅದು ಸುಮಾರು 4 ಡಿಗ್ರಿ ಸೆಲ್ಸಿಯಸ್‌ನಲ್ಲೇ ಅನಿಲವಾಗುತ್ತದೆ. ಪೆಟ್ಟಿಗೆಯ ಸಂದುಗೊಂದಿಗೂ ನುಗ್ಗುತ್ತದೆ. ಆದರೆ ಹೆಚ್ಚುಕಮ್ಮಿ ವಾಸನೆಯೇ ಇಲ್ಲ, ಸೋರಿದರೆ ಕೆಲಸಗಾರನಿಗೆ ತಿಳಿಯುವುದೇ ಇಲ್ಲ. ಇದು ನನಗೆ ನಿಜಕ್ಕೂ ಭಯ ಹುಟ್ಟಿಸುವ ವಿಷಯ. ಓಝೋನ್ ಪದರಕ್ಕೂ ಕೇಡು. ಓಝೋನ್ ಉಳಿಸುವ ಮಾಂಟ್ರಿಯಲ್ ಒಪ್ಪಂದದಡಿ ಉಳಿದ ಬಳಕೆಗೆ ಕಡಿವಾಣ ಬಿದ್ದರೂ ಕ್ವಾರಂಟೈನ್‌ಗೆ, ಅಂದರೆ ಸರಕಿನ ಜೊತೆ ಕೀಟ ಗಡಿ ದಾಟದಂತೆ ತಡೆಯುವ ಕೆಲಸಕ್ಕೆ, ವಿನಾಯಿತಿ ಇದೆ.

ವಸಾಬಿ ಘಾಟು ಕುದಿಯುವುದು ಸುಮಾರು 150 ಡಿಗ್ರಿಯಲ್ಲಿ. ಹಾಗಾಗಿ ನಿಧಾನವಾಗಿ ಆವಿಯಾಗುತ್ತದೆ, ಒತ್ತಾಗಿ ತುಂಬಿದ ಸರಕಿನ ಒಳಗೆ ಇಳಿಯುವುದು ಕಷ್ಟ. ಸೋರಿದರೆ ಕಣ್ಣುರಿಯೇ ಹೇಳುತ್ತದೆ. ಗಿಡದ್ದು ಅಂತ ಸುಮ್ನೆ ಹಗುರ ಮಾಡಬೇಡಿ, ಜಾಸ್ತಿಯಾದರೆ ಶ್ವಾಸಕೋಶ ಸುಡುತ್ತದೆ. ಟೀ, ಬಟ್ಟೆಯಂಥ ವಾಸನೆ ಹಿಡಿಯುವ ಸರಕಿಗೆ ನಾನಂತೂ ಬೇಡ ಅನ್ನುತ್ತೇನೆ.

ಸರಕು ಮರದ ಪ್ಯಾಲೆಟ್ ಮೇಲಿದ್ದರೆ ದೇಶದಾಚೆ ಕಳಿಸಲು ಪ್ಯಾಲೆಟ್‌ಗೆ ಐಎಸ್‌ಪಿಎಂ 15 ಮುದ್ರೆ ಬೇಕು. ಮರದ ಪ್ಯಾಕಿಂಗ್‌ನಲ್ಲಿ ಕೀಟ ಸಾಗದಂತೆ ಮಾಡಿದ ಅಂತರರಾಷ್ಟ್ರೀಯ ನಿಯಮ ಅದು, ಒಪ್ಪಿಗೆಯಾದ ಉಪಚಾರಗಳ ಪಟ್ಟಿಯೂ ಅದರಲ್ಲಿದೆ. ಆ ಪಟ್ಟಿಯಲ್ಲಿ ವಸಾಬಿ ಇಲ್ಲ. ಮರದ ತಿರುಳು 56 ಡಿಗ್ರಿಯಲ್ಲಿ 30 ನಿಮಿಷ ಇರುವಂತೆ ಬಿಸಿ ಮಾಡಿಸಿ, ಮೀಥೈಲ್ ಬ್ರೋಮೈಡ್ ತಪ್ಪಿಸಬಹುದು. ಕಾರ್ಟನ್ ಪೆಟ್ಟಿಗೆಗೆ ಇರುವೆ ಹತ್ತದಂತೆ ತಡೆಯುವುದಷ್ಟೇ ಗುರಿಯಾದರೆ, ನನ್ನ ಆಯ್ಕೆ ವಸಾಬಿಯೇ.