ಪಕ್ಕದ ಮನೆಯೂ ಮಾರಾಟಕ್ಕಿದ್ದಾಗ ನಮ್ಮ ಮನೆ ಮಾರಿದ್ದು: ಎರಡು ಏಜೆನ್ಸಿಗಳ ರಿವ್ಯೂ

ಮೊದಲ ಏಜೆನ್ಸಿಗೆ ಐದಕ್ಕೆ ಒಂದೂವರೆ. ಎರಡನೆಯದಕ್ಕೆ ಐದಕ್ಕೆ ನಾಲ್ಕು. ಹೆಸರು ಹಾಕುತ್ತಿಲ್ಲ. ಮೊದಲನೆಯವರ ಜೊತೆ ಮತ್ತೆ ಜಗಳ ಎಳೆಯುವ ಶಕ್ತಿ ನನಗಿಲ್ಲ, ಅಲ್ಲದೆ ಅವರು ಮಾಡಿದ್ದನ್ನು ಬೇರೆ ಯಾರು ಬೇಕಾದರೂ ಮಾಡಬಹುದು.

ನಮ್ಮದೂ ಪಕ್ಕದವರದೂ ಅವಳಿ ಮನೆಗಳು. ಒಬ್ಬರೇ ಕಟ್ಟಿಸಿದ್ದು, ಒಂದೇ ನಕ್ಷೆ, ಒಂದನ್ನು ಕನ್ನಡಿಯಲ್ಲಿ ನೋಡಿದರೆ ಇನ್ನೊಂದು. ನಮ್ಮ ಮೆಟ್ಟಿಲು ಎಡಕ್ಕೆ ತಿರುಗುತ್ತದೆ, ಅವರದು ಬಲಕ್ಕೆ. ಅಷ್ಟೇ ವ್ಯತ್ಯಾಸ ಅಂತ ನಾವು ವರ್ಷಗಟ್ಟಲೆ ಅಂದುಕೊಂಡಿದ್ದೆವು. ನಾವು ಮಾರಾಟಕ್ಕಿಟ್ಟು ಹತ್ತು ದಿನವೂ ಆಗಿರಲಿಲ್ಲ, ಒಂದು ಬೆಳಿಗ್ಗೆ ಅವರ ಗೇಟಿಗೂ ಬೋರ್ಡ್ ಬಿತ್ತು. ನೋಡಿದರೆ ಅದೇ ಬಣ್ಣ, ಅದೇ ಫೋನ್ ನಂಬರ್. ನಮ್ಮ ಏಜೆನ್ಸಿಯದೇ ಬೋರ್ಡ್!

ಫೋನ್ ಮಾಡಿ ಕೇಳಿದೆ. "ಅದನ್ನು ಬೇರೆ ಟೀಮ್ ನೋಡಿಕೊಳ್ಳುತ್ತೆ ಮೇಡಂ, ನಿಮಗೂ ಅದಕ್ಕೂ ಸಂಬಂಧ ಇಲ್ಲ" ಅಂದರು. ಮಧ್ಯೆ ಒಂದು ಕಾಂಪೌಂಡ್ ಗೋಡೆ ಬಿಟ್ಟರೆ ಏನೂ ಇಲ್ಲದ ಎರಡು ಮನೆಗೆ ಸಂಬಂಧ ಇಲ್ಲವಂತೆ.

ಸ್ವಲ್ಪ ಹಿಂದಕ್ಕೆ ಹೋಗುತ್ತೇನೆ. ಇವರನ್ನು ನಾವು ಆರಿಸಿಕೊಂಡಿದ್ದು ಒಂದೇ ಕಾರಣಕ್ಕೆ, ವಿಚಾರಿಸಿದ ಮೂವರಲ್ಲಿ ಜಾಸ್ತಿ ರೇಟ್ ಹೇಳಿದ್ದು ಇವರು. ಅರ್ಧ ಗಂಟೆ ಮನೆ ಸುತ್ತಿ, ನಾವು ಕನಸಿನಲ್ಲೂ ಎಣಿಸದ ಮೊತ್ತ ಹೇಳಿ, ಮೂಗಿಗೆ ತುಪ್ಪ ಸವರಿದರು. ನಾವೂ ಖುಷಿಯಿಂದ ಸವರಿಸಿಕೊಂಡೆವು. ಯಾವ ಲೆಕ್ಕದಲ್ಲಿ ಈ ರೇಟ್ ಅಂತ ಕೇಳಿದ್ದಕ್ಕೆ ನಾಲ್ಕು ಜಾಹೀರಾತು ತೋರಿಸಿದರು. ಅವೆಲ್ಲ ಮಾರಾಟಕ್ಕೆ ಇಟ್ಟಿರುವ ಮನೆಗಳು, ಮಾರಿಹೋದ ಮನೆಗಳಲ್ಲ. ಕೇಳುವ ಬೆಲೆ ಯಾರು ಎಷ್ಟು ಬೇಕಾದರೂ ಕೇಳಬಹುದು ಅಲ್ವಾ? ನೋಡಬೇಕಾಗಿದ್ದು ಹತ್ತಿರದಲ್ಲಿ ಇತ್ತೀಚೆಗೆ ನಿಜವಾಗಿ ಕೈಬದಲಾದ ಮನೆಗಳ ಬೆಲೆ. ಈ ಬುದ್ಧಿ ನನಗೆ ಬಂದಿದ್ದು ಸಹಿ ಹಾಕಿದ ಮೇಲೆ. ಮೂರು ತಿಂಗಳು ಬೇರೆ ಯಾರಿಗೂ ಕೊಡುವಂತಿಲ್ಲ ಅಂತ ಸಹಿ.

ಒಂದು ಅಂಕಿ ಕಿವಿಗೆ ಬಿದ್ದರೆ ಅದರ ಹಿಡಿತ ಎಷ್ಟು ಅಂತ ಆಮೇಲೆ ಓದಿಕೊಂಡೆ. 1987ರಲ್ಲಿ ಗ್ರೆಗರಿ ನಾರ್ತ್‌ಕ್ರಾಫ್ಟ್ ಮತ್ತು ಮಾರ್ಗರೆಟ್ ನೀಲ್ ಅನ್ನುವ ಸಂಶೋಧಕರು ಅಮೆರಿಕದಲ್ಲಿ ಒಂದೇ ಮನೆಯನ್ನು ಹಲವು ಏಜೆಂಟರಿಗೆ ತೋರಿಸಿ, ಬೆಲೆ ಕಟ್ಟಿ ಅಂದರು. ಮನೆ ಒಂದೇ, ಕಾಗದ ಪತ್ರದ ವಿವರವೂ ಒಂದೇ, ಆದರೆ ಮಾಲೀಕರು ಕೇಳುತ್ತಿರುವ ಬೆಲೆ ಮಾತ್ರ ಒಬ್ಬೊಬ್ಬರಿಗೆ ಒಂದೊಂದು. ದೊಡ್ಡ ಅಂಕಿ ನೋಡಿದವರು ದೊಡ್ಡ ಬೆಲೆ ಕಟ್ಟಿದರು, ಸಣ್ಣದು ನೋಡಿದವರು ಸಣ್ಣದು. ಕೇಳಿದರೆ ಹೆಚ್ಚಿನವರು ಆ ಅಂಕಿ ನಾವು ಲೆಕ್ಕಕ್ಕೇ ತಗೊಂಡಿಲ್ಲ ಅಂದರಂತೆ. ದಿನಾ ಇದೇ ಕೆಲಸ ಮಾಡುವವರ ಕಥೆ ಇದಾದರೆ ಜೀವನದಲ್ಲಿ ಒಂದು ಸಲ ಮನೆ ಮಾರುವ ನಮ್ಮ ಪಾಡೇನು.

ಬೋರ್ಡ್ ಬಿದ್ದ ಮೇಲೆ ನೋಡಲು ಬರುವವರು ಜಾಸ್ತಿಯಾದರು. ನಮಗೆ ಸಂತೋಷವೇ. ಆದರೆ ಬಂದವರು ನಮ್ಮಲ್ಲಿ ಏಳೆಂಟು ನಿಮಿಷ ಇದ್ದು, ಪಕ್ಕಕ್ಕೆ ಹೋಗಿ ಅರ್ಧ ಗಂಟೆ ಇರುತ್ತಿದ್ದರು. ನಾನು ಅಡುಗೆಮನೆ ಕಿಟಕಿಯಲ್ಲಿ ನಿಂತು ಗಡಿಯಾರ ನೋಡುತ್ತಿದ್ದೆ, ನಾಚಿಕೆಯಿಲ್ಲದೆ ಹೇಳುತ್ತೇನೆ. ಒಂದು ಭಾನುವಾರ ಬಂದ ಹಿರಿಯರೊಬ್ಬರು ಚಪ್ಪಲಿ ಬಿಡುತ್ತಾ ಸಹಜವಾಗಿ ಕೇಳಿದರು, "ಇದೇ ಅಲ್ವಾ ಜಾಸ್ತಿ ರೇಟಿನ ಮನೆ? ಮೊದಲು ಇದನ್ನ ನೋಡಿ, ಆಮೇಲೆ ಪಕ್ಕದ್ದು ನೋಡಿದ್ರೆ ನಿಮಗೇ ಗೊತ್ತಾಗುತ್ತೆ ಅಂದ್ರು."

ಆಗ ತಲೆಗೆ ಹೋಯಿತು. ನಮ್ಮ ಮನೆಯನ್ನು ಇವರು ಮಾರುತ್ತಿರಲಿಲ್ಲ, ನಮ್ಮ ಮನೆ ತೋರಿಸಿ ಪಕ್ಕದ ಮನೆ ಮಾರುತ್ತಿದ್ದರು.

ಈ ತಂತ್ರಕ್ಕೂ ಹಳೆಯ ಬೇರು ಇದೆ. ಎರಡರಲ್ಲಿ ಒಂದನ್ನು ಆರಿಸಲಾಗದೆ ಒದ್ದಾಡುವವರ ಮುಂದೆ ಮೂರನೆಯದೊಂದನ್ನು ಇಡುವುದು. ಅದು ಮೊದಲಿನ ಎರಡರಲ್ಲಿ ಒಂದರ ಹಾಗೇ ಇರಬೇಕು, ಆದರೆ ಅದಕ್ಕಿಂತ ಸ್ವಲ್ಪ ಕಳಪೆ ಇರಬೇಕು. ಆಗ ಜನ ಆ ಹೋಲುವ ಒಳ್ಳೆಯದರ ಕಡೆಗೆ ವಾಲುತ್ತಾರೆ ಅಂತ ಜೋಯೆಲ್ ಹ್ಯೂಬರ್, ಜಾನ್ ಪೇನ್, ಕ್ರಿಸ್ಟೋಫರ್ ಪ್ಯೂಟೊ 1982ರಲ್ಲೇ ತೋರಿಸಿದ್ದಾರೆ. ಬೇರೆ ಬೀದಿಯ ಮನೆಯೋ ಪಕ್ಕದವರದೋ ಅಂತ ತೂಗುತ್ತಿದ್ದವರಿಗೆ ಮಧ್ಯೆ ನಮ್ಮದನ್ನು ತೋರಿಸುತ್ತಿದ್ದರು. ಅದೇ ನಕ್ಷೆ, ಹಳೆ ಬಣ್ಣ, ಮೇಲಿನಿಂದ ಜಾಸ್ತಿ ಬೆಲೆ. ಪಕ್ಕದ್ದು ಅರಮನೆಯ ಹಾಗೆ ಕಂಡಿರಬೇಕು. ಬೇಕಂತಲೇ ಮಾಡಿದರೋ, ಅದು ತಾನಾಗಿಯೇ ಹಾಗಾಯಿತೋ, ಹೇಳಲಾರೆ. ಆದರೆ ನಮಗೆ ಜಾಸ್ತಿ ರೇಟ್ ಹೇಳಿ ಸಿಕ್ಕಿಸಿದ್ದು ಅವರೇ ಅಲ್ವಾ?

ಒಂದೇ ಏಜೆನ್ಸಿ ಅಕ್ಕಪಕ್ಕದ ಎರಡು ಮನೆ ಹಿಡಿಯುವುದು ತಪ್ಪು ಅಂತ ನಾನು ಹೇಳುವುದಿಲ್ಲ. ಬಾಯಿಬಿಟ್ಟು ಹೇಳದೆ ಇದ್ದದ್ದು ತಪ್ಪು.

ಎರಡನೇ ತಿಂಗಳಿಗೆ ಫೋನ್ ಶುರುವಾಯಿತು. ಐದು ಪರ್ಸೆಂಟ್ ಇಳಿಸಿ. ಇಳಿಸಿದೆವು. ಇನ್ನೊಂದು ಮೂರು ಇಳಿಸಿ, ಪಕ್ಕದವರು ಇಳಿಸುತ್ತಾರಂತೆ. ಅಲ್ಲಿ ಅವರಿಗೂ ಇದನ್ನೇ ಹೇಳುತ್ತಿದ್ದರು ಅಂತ ಆಮೇಲೆ ಕಾಂಪೌಂಡ್ ಪಕ್ಕ ನಿಂತು ಮಾತಾಡುವಾಗ ಗೊತ್ತಾಯಿತು! ಲೆಕ್ಕ ಹಾಕಿ ನೋಡಿ. ಕಮಿಷನ್ ಎರಡು ಪರ್ಸೆಂಟ್ ಅಂದುಕೊಂಡರೆ, ನಾವು ನೂರು ರೂಪಾಯಿ ಬಿಟ್ಟುಕೊಟ್ಟಾಗ ಅವರ ಜೇಬಿನಿಂದ ಹೋಗುವುದು ಎರಡು ರೂಪಾಯಿ. ಉಳಿದ ತೊಂಬತ್ತೆಂಟು ನಮ್ಮದು. ಅವರಿಗೆ ಬೇಗ ಮುಗಿದರೆ ಸಾಕು. ಸ್ಟೀವನ್ ಲೆವಿಟ್ ಮತ್ತು ಚಾಡ್ ಸಿವರ್ಸನ್ ಅನ್ನುವ ಅರ್ಥಶಾಸ್ತ್ರಜ್ಞರು ಶಿಕಾಗೊ ಸುತ್ತಮುತ್ತಲಿನ ಸುಮಾರು 1 ಲಕ್ಷ ಮನೆ ಮಾರಾಟಗಳನ್ನು ಜಾಲಾಡಿ 2008ರಲ್ಲಿ ಒಂದು ಲೇಖನ ಪ್ರಕಟಿಸಿದರು. ಏಜೆಂಟರು ತಮ್ಮ ಸ್ವಂತ ಮನೆ ಮಾರುವಾಗ ಸುಮಾರು 9.5 ದಿನ ಜಾಸ್ತಿ ಕಾಯುತ್ತಾರೆ, ಸುಮಾರು 3.7 ಪರ್ಸೆಂಟ್ ಜಾಸ್ತಿ ಪಡೆಯುತ್ತಾರೆ ಅಂತ ಅದರಲ್ಲಿದೆ. ನಮ್ಮ ಮನೆಗಾದರೆ ಅರ್ಜೆಂಟು, ಅವರ ಮನೆಗಾದರೆ ತಾಳ್ಮೆ. ಇದನ್ನು ಓದಿದ ದಿನ ನಮ್ಮನೆಯವರು ಊಟ ಸರಿಯಾಗಿ ಮಾಡಲಿಲ್ಲ.

ಮೂರು ತಿಂಗಳು ಮುಗಿದ ದಿನವೇ ಕೈಬಿಟ್ಟೆವು. ಒಂದೂವರೆ ಯಾಕೆ ಕೊಟ್ಟೆ ಅಂದರೆ, ಫೋನ್ ಮಾಡಿದರೆ ಎತ್ತುತ್ತಿದ್ದರು, ಬರುವವರನ್ನು ಹೇಳಿದ ಸಮಯಕ್ಕೆ ಕರೆದುಕೊಂಡು ಬರುತ್ತಿದ್ದರು.

ಎರಡನೇ ಏಜೆನ್ಸಿಯಿಂದ ಬಂದಿದ್ದು ಒಬ್ಬ ಹೆಂಗಸು. ಕೈಯಲ್ಲಿ ಅಳತೆ ಟೇಪು, ಮಾತು ಕಡಿಮೆ. ಪಕ್ಕದ ಮನೆ ನಿಮ್ಮ ಹತ್ತಿರ ಇದೆಯಾ ಅಂತ ಈ ಸಲ ನಾನೇ ಮೊದಲು ಕೇಳಿದೆ. ಇಲ್ಲ, ಬಂದರೂ ತಗೊಳ್ಳುವುದಿಲ್ಲ, ಬೇಕಿದ್ದರೆ ಅಗ್ರಿಮೆಂಟಿನಲ್ಲಿ ಬರೆದುಕೊಡುತ್ತೇನೆ ಅಂದರು. ಬರೆದೂ ಕೊಟ್ಟರು. ಆಮೇಲೆ ಅವರ ಪ್ರಶ್ನೆ, "ಪಕ್ಕದ ಮನೆ ನೋಡಿದ್ದೀರಾ?"

"ಎಷ್ಟು ಸಲ ಹೋಗಿದ್ದೀವೋ ಲೆಕ್ಕ ಇಲ್ಲ."

"ಹೋಗೋದು ಬೇರೆ. ಕೊಳ್ಳೋರ ಥರ ನೋಡಿದ್ದೀರಾ?"

ಇಲ್ಲ. ಹಾಗಾಗಿ ಪಕ್ಕದವರನ್ನು ನೇರವಾಗಿ ಕೇಳಿದೆವು. ಅವರೂ ನಕ್ಕು, ನಾವೂ ನಿಮ್ಮದು ನೋಡಬೇಕು ಅಂದರು. ಒಳಗೆ ಹೋದರೆ ನಮ್ಮ ಮುಖ ಸಣ್ಣದಾಯಿತು. ತಿಳಿ ಬಣ್ಣ, ಖಾಲಿ ಖಾಲಿ ಕೋಣೆಗಳು, ಎಲ್ಲಾ ಬಾಗಿಲೂ ಸಲೀಸಾಗಿ ಮುಚ್ಚುತ್ತವೆ. ನಮ್ಮ ಮನೆಗೆ ವಾಪಸ್ ಬಂದು ನೋಡಿದರೆ ಹಿಂದಿನ ಕೋಣೆಯ ಕಿಟಕಿ ಕೆಳಗೆ ಅಂಗೈ ಅಗಲದ ತೇವದ ಕಲೆ, ಬಚ್ಚಲುಮನೆ ಬಾಗಿಲು ಭುಜ ಕೊಟ್ಟು ತಳ್ಳಿದರೇ ಮುಚ್ಚುವುದು, ಮೆಟ್ಟಿಲ ಕೆಳಗೆ ರಟ್ಟಿನ ಡಬ್ಬಗಳ ಗುಡ್ಡೆ. ಹೆತ್ತವರಿಗೆ ಹೆಗ್ಗಣ ಮುದ್ದು ಅನ್ನುವುದು ಮನೆ ವಿಷಯಕ್ಕೂ ನಿಜ.

ಆದರೆ ಈ ಏಜೆಂಟ್ ಅಲ್ಲಿಗೇ ಬಿಡಲಿಲ್ಲ. ಪಕ್ಕದವರ ಮಲಗುವ ಕೋಣೆಯಲ್ಲಿ ಎರಡು ನಿಮಿಷ ಸುಮ್ನೆ ನಿಲ್ಲಿ ಅಂದಿದ್ದರು. ನಿಂತೆವು. ಆ ಗೋಡೆ ರಸ್ತೆಯ ತಿರುವಿನ ಕಡೆಗಿದೆ. ಎರಡು ನಿಮಿಷದಲ್ಲಿ ನಾಲ್ಕು ಹಾರ್ನ್. ನಕ್ಷೆ ತಿರುವುಮುರುವು ಆದ್ದರಿಂದ ನಮ್ಮ ಕೋಣೆ ಆಚೆ ಬದಿಗೆ ಬಂದಿದೆ, ಅಲ್ಲಿ ಸದ್ದೇ ಇಲ್ಲ. ಬೆಳಗಿನ ಬಿಸಿಲು ನಮ್ಮ ಅಡುಗೆಮನೆಗೆ ಬರುತ್ತದೆ, ಅವರದಕ್ಕೆ ಬರುವುದಿಲ್ಲ. ಇಷ್ಟು ವರ್ಷ ಬದುಕಿದ ಮನೆ, ಮಾರುವಾಗ ಒಬ್ಬರಿಗೂ ಇದನ್ನು ನಾವು ಹೇಳಿರಲಿಲ್ಲ.

ಹಳೆಯ ಜಾಹೀರಾತು ತೆಗೆದು ನೋಡಿದರೆ ನಗು ಬಂತು. ನಮ್ಮದಕ್ಕೂ ಪಕ್ಕದ್ದಕ್ಕೂ ಮುಂಭಾಗದ ಫೋಟೊ, ಒಂದೇ ಕೋನದಿಂದ. ಒಂದೇ ಮನೆಯನ್ನು ಎರಡು ರೇಟಿಗೆ ಹಾಕಿದ್ದಾರೆ, ಏನೋ ಮೋಸ ಇದೆ ಅಂದುಕೊಂಡು ಬಿಟ್ಟೆವು ಅಂತ ಒಬ್ಬರು ಆಮೇಲೆ ಹೇಳಿದರು. ಹೊಸ ಜಾಹೀರಾತಿನ ಮೊದಲ ಫೋಟೊ ಬೆಳಿಗ್ಗೆ ಏಳೂವರೆಯ ಅಡುಗೆಮನೆ. ಎರಡನೆಯದು ಮಲಗುವ ಕೋಣೆಯ ತೆರೆದ ಕಿಟಕಿ. ಮುಂಭಾಗ ಕೊನೆಗೆ.

ರಿಪೇರಿಗೆ ದೊಡ್ಡ ಖರ್ಚು ಬೇಡ ಅಂದರು. ಬಾಗಿಲು ಕೀಸಿಸಿದೆವು. ತೇವದ ಮೇಲೆ ಬಣ್ಣ ಬಳಿಯಲು ಬಿಡಲಿಲ್ಲ, ಪೈಪಿನ ಜಾಯಿಂಟ್ ಹುಡುಕಿ ಸರಿಮಾಡಿಸಿ, ಒಣಗಿದ ಮೇಲೇ ಬಣ್ಣ. ಹಾಲ್ ಒಂದಕ್ಕೆ ತಿಳಿ ಬಣ್ಣ. ಡಬ್ಬಗಳು ನಮ್ಮ ಅಣ್ಣನ ಮನೆಗೆ ಹೋದವು, ಇನ್ನೂ ಅಲ್ಲೇ ಇವೆ.

ಬೆಲೆ ವಿಷಯದಲ್ಲಿ ಅವರ ಮೇಲೆ ನನಗೆ ಗೌರವ ಬಂದಿದ್ದು. ಹಿಂದಿನ ಆರು ತಿಂಗಳಲ್ಲಿ ಮಾರಿಹೋದ ಮನೆಗಳನ್ನು ಮಾತ್ರ ಇಟ್ಟುಕೊಂಡು ಲೆಕ್ಕ ಹಾಕಿದರು. ಪಕ್ಕದವರು ಕೇಳುತ್ತಿದ್ದುದಕ್ಕಿಂತ ಎರಡು ಪರ್ಸೆಂಟ್ ಜಾಸ್ತಿ ಇಡೋಣ, ಆ ಎರಡು ಯಾಕೆ ಅಂತ ಬಾಯಲ್ಲಿ ಹೇಳಬಾರದು, ಮನೆಯೇ ತೋರಿಸಬೇಕು ಅಂದರು. ಇಳಿಸುವುದಾದರೆ ಒಂದೇ ಸಲ. ಸ್ವಲ್ಪ ಸ್ವಲ್ಪವೇ ಇಳಿಸುತ್ತಾ ಹೋದರೆ ನೋಡುವವರು ಇನ್ನೂ ಇಳಿಯಲಿ ಅಂತ ಕಾಯುತ್ತಾರೆ. ನಮ್ಮನೆಯವರಿಗೆ ಮಾತ್ರ ಪಕ್ಕದವರಿಗಿಂತ ಕಡಿಮೆ ಇಟ್ಟು ಮೊದಲು ಮಾರಿಬಿಡುವ ಆಸೆ. ಅದಕ್ಕೆ ಅವರು ಹೇಳಿದ್ದು ನನಗೆ ಹೊಸದು. ಕೊಳ್ಳುವವರು ಸಾಲ ತೆಗೆದರೆ ಬ್ಯಾಂಕಿನವರು ಬೆಲೆ ಕಟ್ಟಲು ಹತ್ತಿರದ, ಇದೇ ಥರದ ಮನೆ ಎಷ್ಟಕ್ಕೆ ಹೋಯಿತು ಅಂತ ನೋಡುತ್ತಾರೆ. ಅವಳಿ ಮನೆಗಿಂತ ಹತ್ತಿರದ್ದು ಯಾವುದಿದೆ? ನಾವು ಇಳಿಸಿ, ಅದಕ್ಕೆ ಪಕ್ಕದವರು ಹೆದರಿ ಇನ್ನೂ ಕೆಳಗೆ ಇಳಿಸಿ ಮೊದಲು ಮಾರಿದರೆ, ಆ ರೇಟೇ ನಮ್ಮ ಕುತ್ತಿಗೆಗೆ ಬೀಳುತ್ತದೆ. ಅವರು ಒಳ್ಳೆಯ ಬೆಲೆಗೆ ಮಾರಿದರೆ ನಮಗೇ ಅನುಕೂಲ.

ಇನ್ನೊಂದು, ಪಕ್ಕದ ಮನೆ ನೋಡಲು ಜನ ಬರುವ ಹೊತ್ತಿಗೇ ನಮ್ಮ ಬಾಗಿಲೂ ತೆರೆದಿರಲಿ ಅಂದರು. ನಾನಾಗಿದ್ದರೆ ಬೇರೆ ದಿನ ಇಡುತ್ತಿದ್ದೆ. ಪಕ್ಕದವರ ಜೊತೆ ಸಮಯ ಮಾತ್ರ ಹೊಂದಿಸಿಕೊಂಡೆವು, ಬೆಲೆಯ ಮಾತು ಇಬ್ಬರೂ ಎತ್ತಲಿಲ್ಲ.

ಒಂದು ನಕ್ಷತ್ರ ಕಳೆದಿದ್ದಕ್ಕೂ ಕಾರಣ ಇದೆ. ಫೋಟೊ ತೆಗೆಯುವವರು ಎರಡು ಸಲ ಕೈಕೊಟ್ಟರು, ಎರಡೂ ಸಲ ನಾವು ಬೆಳಗಿನ ಜಾವ ಎದ್ದು ಅಡುಗೆಮನೆ ತೊಳೆದು ಕೂತಿದ್ದೆವು. ಸಂಜೆ ಆರರ ಮೇಲೆ ಈ ಮಹಾತಾಯಿ ಫೋನ್ ಎತ್ತುವುದಿಲ್ಲ. ಜಾಹೀರಾತಿನ ಖರ್ಚು ಬೇರೆ ಅಂತ ಅಗ್ರಿಮೆಂಟಿನ ಹಿಂದಿನ ಪುಟದಲ್ಲಿ ಇರುವೆ ಅಕ್ಷರದಲ್ಲಿತ್ತು, ನಾವೂ ಓದಿರಲಿಲ್ಲ, ಅವರೂ ಹೇಳಲಿಲ್ಲ.

ಕೊನೆಗೆ ಪಕ್ಕದ ಮನೆಯೇ ಮೊದಲು ಮಾರಿಹೋಯಿತು. ಆ ರಾತ್ರಿ ನಮ್ಮ ಮನೆಯಲ್ಲಿ ಸೂತಕದ ಕಳೆ. ಬೆಳಿಗ್ಗೆ ಇವರಿಗೆ ಹೇಳಿದರೆ, "ಒಳ್ಳೇದಾಯ್ತು ಬಿಡಿ, ಈ ನಕ್ಷೆ ಬೇಕು ಅನ್ನೋರಿಗೆ ಈಗ ನಿಮ್ಮದೊಂದೇ" ಅಂದರು. ಪಕ್ಕದ ಮನೆಗೆ ಇಬ್ಬರು ಪೈಪೋಟಿ ಮಾಡಿದ್ದರಂತೆ. ಸಿಗದೆ ಹೋದವರಿಗೆ ನಮ್ಮ ಬಗ್ಗೆ ಹೇಳಿ ಕಳಿಸಿದ್ದು ಪಕ್ಕದವರೇ.

ಗಂಡ ಹೆಂಡತಿ ಬಂದರು. ಅವರಿಗೆ ಮನೆಯೆಲ್ಲ ಬಾಯಿಪಾಠ, ಆದರೆ ತಿರುವುಮುರುವಾಗಿ. ಮೆಟ್ಟಿಲ ಹತ್ತಿರ ಎರಡು ಸಲ ಬಲಕ್ಕೆ ತಿರುಗಿ ಗೋಡೆಗೆ ಮುಖ ಮಾಡಿ ನಿಂತು ನಕ್ಕರು. ಮಲಗುವ ಕೋಣೆಯಲ್ಲಿ ಆಕೆ ಗಂಡನ ಕೈ ಹಿಡಿದು ನಿಲ್ಲಿಸಿ, ಕಿಟಕಿ ತೆಗೆದು, ಸ್ವಲ್ಪ ಹೊತ್ತು ಏನೂ ಮಾತಾಡಲಿಲ್ಲ. "ಇಲ್ಲಿ ಹಾರ್ನ್ ಕೇಳಲ್ಲ ಅಲ್ವಾ" ಅಂದರು. ನಾನು ಬಾಯಿ ಬಿಡಲಿಲ್ಲ, ಬಿಡಬೇಡಿ ಅಂತ ಮೊದಲೇ ತಾಕೀತು ಆಗಿತ್ತು. ಚೌಕಾಸಿ ಮಾಡಿದರು, ನಾವು ಕೇಳಿದ್ದಕ್ಕಿಂತ ಒಂದೂವರೆ ಪರ್ಸೆಂಟ್ ಕೆಳಗೆ ಮುಗಿಯಿತು.

ಒಂದು ತಿಂಗಳ ನಂತರ ಮೊದಲ ಏಜೆನ್ಸಿಯಿಂದ ಮೆಸೇಜ್ ಬಂತು. ನಿಮ್ಮ ಬೀದಿಯಲ್ಲಿ ಈಗಷ್ಟೇ ಒಂದು ಮನೆ ತುಂಬಾ ಒಳ್ಳೆಯ ರೇಟಿಗೆ ಹೋಗಿದೆ, ನಿಮ್ಮ ಮನೆ ಮಾರುವ ಯೋಚನೆ ಇದೆಯೇ ಅಂತ. ಆ ಮನೆ ನಮ್ಮದೇ.